ಜ್ವರದ ಫಿಟ್ಸ್: ‘ಯಾರ ಕಡೆಯದು’ ಎನ್ನುವ ಮೊದಲು

ತೀರ್ಥಹಳ್ಳಿ ಸೀಮೆಯಲ್ಲಿ ಜ್ವರದ ಮಗುವಿಗೆ ಫಿಟ್ಸ್ ಬಂದರೆ ಮೊದಲು ಹುಡುಕುವುದು ಕಬ್ಬಿಣದ ಬೀಗದಕೈ. ಮಗು ಕಣ್ಣು ಬಿಟ್ಟ ಮೇಲೆ ‘ಇದು ಯಾರ ಕಡೆಯದು?’ ಎಂಬ ಮಾತು ಏಳುತ್ತದೆ. ಬೀಗದಕೈಯಿಂದ ಏನೂ ಆಗದು. ಪ್ರಶ್ನೆಯಲ್ಲಿ ಹುರುಳಿದೆ, ಆದರೆ ಅದು ಹೆಚ್ಚಾಗಿ ಏಳುವುದು ಸೊಸೆಯ ತವರಿನ ಮೇಲೆ ಹೊರಿಸುವುದಕ್ಕೆ.

ಆರು ತಿಂಗಳಿಂದ ಐದು ವರ್ಷದವರೆಗಿನ ನೂರು ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಜ್ವರದ ಫಿಟ್ಸ್ ಬರುತ್ತದೆ. ಅಪ್ಪ, ಅಮ್ಮ, ಅಣ್ಣ, ಅಕ್ಕ ಯಾರಿಗಾದರೂ ಬಂದಿದ್ದರೆ ಸಾಧ್ಯತೆ ಹೆಚ್ಚು. ಆದರೂ ಬಹುಪಾಲು ಮಕ್ಕಳಲ್ಲಿ ಇದು ಒಂದೇ ಜೀನಿನ ಕೆಲಸವಲ್ಲ. ಎರಡೂ ಮನೆತನಗಳಿಂದ ಬಂದ ಹತ್ತಾರು ಜೀನುಗಳ ಚೂರುಪಾರು ಕೂಡಿರುತ್ತವೆ. ಹೆಚ್ಚಿನವರಿಗೆ ವಯಸ್ಸಾದಂತೆ ತಾನಾಗಿ ಬಿಟ್ಟುಹೋಗುತ್ತದೆ.

ಕೆಲವು ಕುಟುಂಬಗಳಲ್ಲಿ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಹರಿಯುತ್ತದೆ. ಅಂಥ ಮನೆಗಳನ್ನು 1997ರಲ್ಲಿ ಆಸ್ಟ್ರೇಲಿಯಾದ ಇಂಗ್ರಿಡ್ ಶೆಫರ್ ಮತ್ತು ಸ್ಯಾಮ್ಯುಯೆಲ್ ಬರ್ಕೋವಿಕ್ ವಿವರಿಸಿದರು. 2000ದಲ್ಲಿ ಅಂಥ ಮನೆಗಳಲ್ಲಿ ಎಸ್‌ಸಿಎನ್1ಎ ಎಂಬ ಜೀನಿನ ದೋಷ ಸಿಕ್ಕಿತು. ಮಿದುಳಿನ ನರಕೋಶದೊಳಕ್ಕೆ ಸೋಡಿಯಂ ಬಿಡುವ ಬಾಗಿಲು ಅದರದ್ದು. ಅದೇ ಜೀನು ತೀವ್ರವಾಗಿ ಕೆಟ್ಟರೆ ಡ್ರಾವೆ ಸಿಂಡ್ರೋಮ್: ವರ್ಷ ತುಂಬುವ ಮೊದಲೇ ದೀರ್ಘ ಫಿಟ್ಸ್, ಜ್ವರಕ್ಕೂ ಬಿಸಿನೀರಿಗೂ. ಹೊರಿಸುವವರು ಗಮನಿಸಬೇಕಾದ್ದು ಇಲ್ಲಿದೆ: ಡ್ರಾವೆ ಮಕ್ಕಳಲ್ಲಿ ಬಹುತೇಕರಿಗೆ ಈ ದೋಷ ಹೆತ್ತವರಿಂದ ಬಂದದ್ದಲ್ಲ, ಹೊಸದಾಗಿ ಹುಟ್ಟಿಕೊಂಡದ್ದು.

ಬಿಸಿನೀರೆಂದಾಗ ಬಚ್ಚಲು ನೆನಪಾಗಬೇಕು. ತಲೆಗೆ ಬಿಸಿಬಿಸಿ ನೀರು ಹೊಯ್ದುಕೊಂಡಾಗ ಬರುವ ಮೂರ್ಛೆ ಕರ್ನಾಟಕಕ್ಕೆ ಹಳೆಯ ಪರಿಚಯ, ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲೇ ಬರೆದರು, ನಿಮ್ಹಾನ್ಸ್‌ನ ಪಿ. ಸತೀಶ್‌ಚಂದ್ರ ವರ್ಷಗಟ್ಟಲೆ ಅಭ್ಯಸಿಸಿದರು. ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಅನುರಂಜನ್ ಆನಂದ್ ಅವರ ತಂಡ ಇಂಥ ಕುಟುಂಬಗಳಲ್ಲಿ ವರ್ಣತಂತು 10 ಮತ್ತು 4ರ ಮೇಲಿನ ಜಾಗಗಳನ್ನು ಗುರುತಿಸಿತು. ಈ ಬಿಸಿನೀರಿನ ಮೂರ್ಛೆ ಜ್ವರದ ಫಿಟ್ಸ್ ಅಲ್ಲ. ಆದರೆ ಈ ರೋಗಿಗಳಲ್ಲಿ ಕೆಲವರಿಗೆ ಚಿಕ್ಕಂದಿನಲ್ಲಿ ಅದೂ ಬಂದಿರುತ್ತದೆ. ಹಂಡೆಯ ಉರಿ ಆರದ ಮಲೆನಾಡಿನ ಮನೆಯವರು ಬಚ್ಚಲಲ್ಲಿ ಮೂರ್ಛೆ ಬಂದಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಫಿಟ್ಸ್ ಬಂದಾಗ ಮಗುವನ್ನು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿತೋ, ಮಗುವಿಗೆ ಎಚ್ಚರ ಮರಳಲಿಲ್ಲವೋ, ಕುತ್ತಿಗೆ ಸೆಟೆದುಕೊಂಡಿತೋ, ತಡಮಾಡದೆ ಆಸ್ಪತ್ರೆಗೆ ಹೊರಡಿ. ಮೊದಲ ಸಲವಾದರೆ, ನಿಂತ ಮೇಲೂ ಅಂದೇ ತೋರಿಸಿ. ಹೊರಡುವಾಗ ಎರಡೂ ಮನೆಯ ಹಿರಿಯರನ್ನು ಕೇಳಿಕೊಳ್ಳಿ: ಯಾರಿಗೆ ಬಂದಿತ್ತು, ಎಷ್ಟನೇ ವಯಸ್ಸಿಗೆ, ಜ್ವರದಲ್ಲೋ ಬಚ್ಚಲಲ್ಲೋ. ಸಂಬಂಧ ಕೆಡುತ್ತದೆಂದು ಮುಚ್ಚಿಡಬೇಡಿ.