ಹಳೆ ಗಾಡಿಯ ಬ್ರೇಕಿಗೆ ಯಾವ ಲೋಹ?

ಹಳೆಯ ಅಂಬಾಸಡರ್ ಕಾರನ್ನು ಮತ್ತೆ ರಸ್ತೆಗಿಳಿಸಲು ಹೊರಟವರ ಕಣ್ಣು ಮೊದಲು ಬೀಳುವುದು ಬಣ್ಣ, ಕ್ರೋಮ್, ಸೀಟಿನ ಮೇಲೆ. ಪಳಗಿದ ಮೆಕ್ಯಾನಿಕ್ ಮೊದಲು ಬಿಚ್ಚುವುದು ಚಕ್ರವನ್ನು, ಬ್ರೇಕ್ ನೋಡಲು. ಬ್ರೇಕಿನಲ್ಲಿ ಗಟ್ಟಿಯಾದದ್ದೆಲ್ಲ ಒಳ್ಳೆಯದಲ್ಲ. ಯಾವುದು ಸವೆಯಬೇಕು, ಯಾವುದು ಉಳಿಯಬೇಕು ಎಂಬ ಲೆಕ್ಕದ ಮೇಲೆ ಇಲ್ಲಿ ಲೋಹದ ಆಯ್ಕೆ ನಡೆಯುತ್ತದೆ.

ಡ್ರಮ್ಮನ್ನೇ ನೋಡಿ. ಅದು ಬೀಡುಕಬ್ಬಿಣದ್ದು, ಸುತ್ತಿಗೆಯಿಂದ ಜೋರಾಗಿ ಬಡಿದರೆ ಬಿರುಕು ಬಿಡುವಂಥದ್ದು. ಆದರೆ ಅದರಲ್ಲಿರುವ ಸುಮಾರು ಶೇ 3ರಷ್ಟು ಇಂಗಾಲದ ಬಹುಪಾಲು ಗ್ರಾಫೈಟಿನ ತೆಳು ಪದರಗಳಾಗಿ ಹರಡಿಕೊಂಡಿರುತ್ತದೆ. ಶಾಖ ಬೇಗ ಹಂಚಿಹೋಗುವುದು, ಕಂಪನ ಅಡಗುವುದು ಇದರಿಂದಲೇ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳ ಹಬ್ ಹಗುರ ಅಲ್ಯೂಮಿನಿಯಮ್ಮಿನದು. ಬ್ರೇಕ್ ಶೂ ಉಜ್ಜುವ ಒಳಬಳೆ ಮಾತ್ರ ಕಬ್ಬಿಣದ್ದೇ.

ಶೂಗೆ ಲೈನಿಂಗ್ ಕೂರಿಸುವ ರಿವೆಟ್ಟುಗಳು ಹಿತ್ತಾಳೆ, ತಾಮ್ರ ಅಥವಾ ಅಲ್ಯೂಮಿನಿಯಮ್ಮಿನವು. ಲೈನಿಂಗ್ ಸವೆದು ರಿವೆಟ್ ಡ್ರಮ್ಮಿಗೆ ತಾಗಿದರೂ ಹಾನಿ ಕಡಿಮೆಯಾಗಲಿ ಎಂದೇ ಈ ಮೆದು ಲೋಹ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರುವ ಸಾಧ್ಯತೆ ಉಂಟು. ಆ ದೂಳನ್ನು ಗಾಳಿ ಹೊಡೆದು ಹಾರಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಹೆಚ್ಚು ಜನ ಎಡವುವುದು ಬ್ರೇಕ್ ಆಯಿಲ್ ಹರಿಯುವ ಪೈಪಿನಲ್ಲಿ. ಉಕ್ಕಿನ ಪೈಪು ಒತ್ತಡ ತಾಳುತ್ತದೆ, ಆದರೆ ತುಕ್ಕು ತಿನ್ನುತ್ತದೆ. ಅಪ್ಪಟ ತಾಮ್ರ ಕೈಯಲ್ಲೇ ಬಾಗುತ್ತದೆ. ಆದರೆ ಗಾಡಿಯ ನಡುಕಕ್ಕೆ ವರ್ಷಗಟ್ಟಲೆ ಸಿಕ್ಕಿ ಪೆಡಸಾಗಿ ಬಿರುಕು ಬಿಡಬಹುದು. ತಾಮ್ರ ಶೇ 90, ನಿಕ್ಕಲ್ ಶೇ 10ರಷ್ಟಿದ್ದು, ತುಸು ಕಬ್ಬಿಣ, ಮ್ಯಾಂಗನೀಸ್ ಬೆರೆತ ಮಿಶ್ರಲೋಹ ಇವೆರಡರ ಕೊರತೆಯನ್ನೂ ನೀಗುತ್ತದೆ. ತುಕ್ಕಿಗೆ ಜಗ್ಗದು, ಬಾಗಿಸಲೂ ಸುಲಭ. ವೋಲ್ವೊ ಕಂಪನಿ 1970ರ ದಶಕದಲ್ಲೇ ಇದನ್ನು ತನ್ನ ಕಾರುಗಳಿಗೆ ಬಳಸತೊಡಗಿತ್ತು.

ಶೂಗಳನ್ನು ಡ್ರಮ್ಮಿನತ್ತ ತಳ್ಳುವ ಬೀಡುಕಬ್ಬಿಣದ ವೀಲ್ ಸಿಲಿಂಡರಿನ ಒಳಮೈ ಗುಳಿಬಿದ್ದಿದ್ದರೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಹೊಸ ರಬ್ಬರ್ ಹಾಕಿದರೂ ಸೋರುತ್ತದೆ. ಹೊಸ ಸಿಲಿಂಡರ್ ಸಿಗದಿದ್ದರೆ ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ಸ್ಲೀವ್ ಕೂರಿಸಿ, ಮೂಲ ಅಳತೆಗೇ ಕಡೆಸಬೇಕು. ಅಳತೆ ಬದಲಾದರೆ ಚಕ್ರಗಳ ನಡುವಿನ ಬ್ರೇಕ್ ಹಿಡಿತದ ಸಮತೋಲ ತಪ್ಪುತ್ತದೆ.

ಇಷ್ಟಾದರೂ ಬ್ರೇಕ್ ಆಯಿಲ್ ಬದಲಿಸುವುದು ತಪ್ಪುವುದಿಲ್ಲ. ಸಾಮಾನ್ಯ ಡಾಟ್ 3 ಆಯಿಲ್ ಗಾಳಿಯ ತೇವ ಹೀರುತ್ತದೆ. ಸಿಲಿಂಡರ್ ಗುಳಿಬೀಳುವುದಕ್ಕೂ ಆ ನೀರೇ ಕಾರಣ. ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತಾಳಬೇಕಾದ ಆಯಿಲ್, ನೀರು ಶೇ 3.7ಕ್ಕೆ ಮುಟ್ಟಿದಾಗ 140ರ ಆಸುಪಾಸಿನಲ್ಲೇ ಕುದಿಯಬಹುದು. ಘಾಟಿ ಇಳಿಯುವಾಗ ಹಾಗೆ ಕುದಿದರೆ, ಎಂಥ ಲೋಹ ಹಾಕಿದ್ದರೂ ಪೆಡಲ್ ತಳ ಮುಟ್ಟುತ್ತದೆ.