ನಿಮಗಿದು ಗೊತ್ತೆ? ಕ್ಯಾಲಿಫೋರ್ನಿಯಾದಲ್ಲಿ ಎದ್ದುನಿಂತ ಸಿಂಗಪುರದ ಸೆರೆಮನೆ

ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಯುದ್ಧಕೈದಿಗಳನ್ನು ಕೂಡಿಹಾಕಿದ್ದ ಸಿಂಗಪುರದ ಚಾಂಗಿ ಶಿಬಿರದ ಕಥೆ ಹೇಳುವ ‘ಕಿಂಗ್ ರ‍್ಯಾಟ್’ (1965) ಚಿತ್ರಕ್ಕಾಗಿ ಬ್ರಿಟಿಷ್ ನಿರ್ದೇಶಕ ಬ್ರಯಾನ್ ಫೋರ್ಬ್ಸ್ ಆ ಶಿಬಿರವನ್ನು ಕಟ್ಟಿಸಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಮೂಲ ಕಾದಂಬರಿಯ ಕರ್ತೃ ಜೇಮ್ಸ್ ಕ್ಲಾವೆಲ್ ಸ್ವತಃ ಚಾಂಗಿಯಲ್ಲಿ ಸೆರೆಯಲ್ಲಿದ್ದವರು. ಉಳಿದ ಕೈದಿಗಳು ಚಿಂದಿಯುಟ್ಟು ಹಸಿವಿನಿಂದ ಸೊರಗಿರುವಾಗ, ಮಡಿಕೆ ಕೆಡದ ಅಂಗಿ ತೊಟ್ಟು ಕಾಳಸಂತೆ ನಡೆಸುವ ಅಮೆರಿಕನ್ ಕಾರ್ಪೊರಲ್, ಅಂದರೆ ಸೇನೆಯ ಕೆಳದರ್ಜೆಯ ಹುದ್ದೆಯವನು, ಗುಟ್ಟಾಗಿ ಇಲಿಗಳನ್ನು ಸಾಕಿ, ಅವುಗಳ ಮಾಂಸವನ್ನು ಕಾಡಿನ ಪುಟ್ಟ ಜಿಂಕೆಯದೆಂದು ನಂಬಿಸಿ ಅಧಿಕಾರಿಗಳಿಗೇ ಮಾರುವ ಪ್ರಸಂಗ ಇದರಲ್ಲಿದೆ. ಕಪ್ಪುಬಿಳುಪಿನ ಈ ಚಿತ್ರ ಛಾಯಾಗ್ರಹಣಕ್ಕೂ ಕಲಾ ನಿರ್ದೇಶನಕ್ಕೂ ಆಸ್ಕರ್ ನಾಮನಿರ್ದೇಶನ ಪಡೆಯಿತೆಂಬುದನ್ನು ನೋಡಿದರೆ, ಕೃತಕ ಚಾಂಗಿ ಸಾಕಷ್ಟು ನೈಜವಾಗಿಯೇ ಮೂಡಿಬಂದಿತ್ತೆನ್ನಬೇಕು.

ನಟ, ಚಿತ್ರಕಥೆಗಾರ, ಕಾದಂಬರಿಕಾರ, ಇಎಂಐ ಸಂಸ್ಥೆಯ ಚಿತ್ರ ನಿರ್ಮಾಣ ವಿಭಾಗದ ಮುಖ್ಯಸ್ಥ ಎಂದೆಲ್ಲ ದುಡಿದ ಫೋರ್ಬ್ಸ್, ತಲೆತಪ್ಪಿಸಿಕೊಂಡ ಅಪರಾಧಿಯನ್ನು ಏಸುಕ್ರಿಸ್ತನೆಂದು ನಂಬುವ ಹಳ್ಳಿಮಕ್ಕಳ ಕಥೆಯನ್ನೂ (‘ವಿಸಲ್ ಡೌನ್ ದಿ ವಿಂಡ್’, 1961), ಅತಿ ವಿಧೇಯ ಪತ್ನಿಯರಿರುವ ಅಮೆರಿಕದ ಊರೊಂದರ ಭೀತಿಯ ಕಥೆಯನ್ನೂ (‘ದಿ ಸ್ಟೆಪ್‌ಫರ್ಡ್ ವೈವ್ಸ್’, 1975) ಅಷ್ಟೇ ಹಿಡಿತದಿಂದ ತೆರೆಗೆ ತಂದರು. ಒಂದೂರಿನ ಕಥೆಗೆ ಇನ್ನೊಂದೂರಿನ ನೆಲವನ್ನು ಬಳಸುವ ಈ ಪರಿ ಕರ್ನಾಟಕಕ್ಕೂ ಹೊಸದಲ್ಲ: ಮತ್ತೊಬ್ಬ ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದಲ್ಲಿ ಕಾಲ್ಪನಿಕ ಮರಬಾರ್ ಗುಹೆಗಳ ದೃಶ್ಯಗಳಿಗೆ ಆರಿಸಿಕೊಂಡದ್ದು ಸಾವನದುರ್ಗ ಮತ್ತು ರಾಮನಗರದ ಬಂಡೆಗಳನ್ನು.