ಹೋರಿಯನ್ನು ಆರಿಸುವ ಮೊದಲು ಹಸುವನ್ನು ನೋಡಿ

(ಟೋರ್ಸ್‌ಲಾಂಡದಲ್ಲಿ ಸೇರಿದ್ದ ಕನ್ನಡಿಗರ ಸಮ್ಮೇಳನದಲ್ಲಿ ಮಾಡಿದ ದಿಕ್ಸೂಚಿ ಭಾಷಣದ ಬರಹ ರೂಪ)



ನಾನು ಸರ್ಕಾರಿ ಕೆಲಸದಿಂದ ನಿವೃತ್ತನಾದ ಪಶುವೈದ್ಯ. ಮಗ ಇಲ್ಲಿನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ಅವನ ಮನೆಗೆ ಬೇಸಿಗೆ ಕಳೆಯಲು ಬಂದವನನ್ನು ನೀವು ಹಿಡಿದು ಮಾತಾಡಲು ನಿಲ್ಲಿಸಿದ್ದೀರಿ. ವಿಷಯ ಯಾವುದಾದರೂ ಆಗಬಹುದು ಎಂದಿರಿ. ನನಗೆ ಗೊತ್ತಿರುವುದು ದನದ ವಿಷಯ ಒಂದೇ, ಅದನ್ನೇ ಹೇಳುತ್ತೇನೆ.

ವೋಲ್ವೋ ಕಾರ್ಖಾನೆ ಟೋರ್ಸ್‌ಲಾಂಡಕ್ಕೆ ಬಂದದ್ದು 1964ರಲ್ಲಿ. ಈ ಊರಿನ ಹೆಸರು ನಮ್ಮವರ ಕಿವಿಗೆ ಬಿದ್ದದ್ದೇ ಆ ಕಾರ್ಖಾನೆಯಿಂದ. ಆದರೆ ಹೀಸಿಂಗೆನ್ ದ್ವೀಪದಲ್ಲಿ ಸ್ವಲ್ಪ ದೂರ ನಡೆದರೆ ಬೇಲಿಯ ಆಚೆ ದನ ಮೇಯುವುದು ಕಾಣುತ್ತದೆ. ಬೆಳಗಿನ ವಾಕಿಂಗಿನಲ್ಲಿ ಹಾಗೆ ಒಂದು ಬೇಲಿಯ ಬಳಿ ನಿಂತಿದ್ದಾಗ ಅದರ ಯಜಮಾನನ ಪರಿಚಯವಾಯಿತು. ಹದಿನೆಂಟು ಹಸುಗಳಿರುವ ರೈತ. ಹಗಲು ಬೇರೆ ಕಡೆ ಕೆಲಸ, ಬೆಳಿಗ್ಗೆ ಸಂಜೆ ದನ. ನಾನು ಪಶುವೈದ್ಯ ಎಂದು ಮಗ ಹೇಳಿದ್ದೇ ತಡ, ಅವನು ಕೇಳಿದ ಮೊದಲ ಪ್ರಶ್ನೆ: "ನನ್ನ ಹಸುಗಳೆಲ್ಲ ಮಿಶ್ರತಳಿ. ಮುಂದಿನ ವರ್ಷಕ್ಕೆ ಯಾವ ತಳಿಯ ಹೋರಿ ತರಲಿ?"

ಅವು ಹಾಲಿಗಾಗಿ ಸಾಕಿದ ಹಸುಗಳಲ್ಲ. ಹಾಲೆಲ್ಲ ಕರುವಿಗೆ, ಕರು ಬೆಳೆದ ಮೇಲೆ ಮಾಂಸಕ್ಕೆ. ಈ ಸಭೆಯಲ್ಲಿ ಮಾಂಸ ಮುಟ್ಟದವರು ಹಲವರಿದ್ದೀರಿ, ನಾನೂ ಅವರಲ್ಲೊಬ್ಬ. ಹಾಗೆಂದು ನಾನು ಉತ್ತರ ತಪ್ಪಿಸಿಕೊಳ್ಳಲಿಲ್ಲ. ಕರು ಹಾಲಿನ ಹಿಂಡಿನದಾಗಲಿ ಮಾಂಸದ ಹಿಂಡಿನದಾಗಲಿ, ಈಯುವ ಹಸುವಿನ ನೋವು ಒಂದೇ. ಆ ನೋವು ಎಷ್ಟಿರಬೇಕು ಎನ್ನುವುದು ಒಂಬತ್ತು ತಿಂಗಳ ಹಿಂದೆ ಹೋರಿ ಆರಿಸಿದವನ ಕೈಯಲ್ಲಿತ್ತು.

ನನ್ನ ಕೈಯಿಂದಲೇ ಆದ ತಪ್ಪು

ನಾನು ಕೆಲಸಕ್ಕೆ ಸೇರಿದ ಹೊಸತು. ಶರಾವತಿ ಹಿನ್ನೀರಿನ ಆಚೆಯ ಒಂದು ಹಳ್ಳಿ. ಒಬ್ಬ ಅಮ್ಮ ತಮ್ಮ ಮಲೆನಾಡು ಗಿಡ್ಡ ಕಡಸು ಬೆದೆಗೆ ಬಂದಿದೆ ಎಂದು ಹೇಳಿ ಕಳಿಸಿದರು. ಮಲೆನಾಡು ಗಿಡ್ಡ ಎಂದರೆ ನಿಮಗೆ ಗೊತ್ತು, ಬೆಳೆದ ಹಸುವೇ ನೂರು, ನೂರಿಪ್ಪತ್ತು ಕೆಜಿಯ ಆಸುಪಾಸು. ಆ ವಾರ ನನ್ನ ಸಾರಜನಕದ ಕ್ಯಾನಿನಲ್ಲಿದ್ದದ್ದು ಎಚ್‌ಎಫ್ ಹೋರಿಯ ಸ್ಟ್ರಾ ಮಾತ್ರ. "ದೊಡ್ಡ ಜಾತಿಯದೇ ಹಾಕಿ ಡಾಕ್ಟ್ರೇ, ಹಾಲು ಜಾಸ್ತಿ ಬರ್ಲಿ" ಎಂದರು ಅಮ್ಮ. ಬೇಡ ಎನ್ನಬೇಕಿದ್ದವನು ನಾನು. ಹಾಕಿದೆ.

ಒಂಬತ್ತು ತಿಂಗಳ ಮೇಲೆ ಮಳೆಗಾಲದ ಒಂದು ರಾತ್ರಿ ಕರೆ ಬಂತು. ಲಾಂಚ್ ದಾಟಿ ನಾನು ಮುಟ್ಟುವ ಹೊತ್ತಿಗೆ ಬೆಳಗಾಗಿತ್ತು. ಕರುವಿನ ಮುಂಗಾಲು ಹೊರಗೆ, ತಲೆ ಒಳಗೆ ಸಿಕ್ಕಿಕೊಂಡಿತ್ತು. ಕರು ಉಳಿಯಲಿಲ್ಲ, ಮರುದಿನ ಹಸುವೂ ಹೋಯಿತು. ಆ ಅಮ್ಮ ನನ್ನನ್ನು ಬೈಯಲಿಲ್ಲ. "ಹಸು ಸಣ್ಣದಿತ್ತಲ್ಲ ಡಾಕ್ಟ್ರೇ" ಎಂದರು, ಅಷ್ಟೇ. ಮುಂದೆ ಸೇವೆಯಲ್ಲಿದ್ದಷ್ಟು ವರ್ಷವೂ ಸ್ಟ್ರಾ ತೆಗೆಯುವ ಮೊದಲು ನಾನು ಹಸುವಿನ ಹಿಂಭಾಗ ನೋಡುತ್ತಿದ್ದೆ. ಆದ್ದರಿಂದ ಈ ಸ್ವೀಡನ್ನಿನ ರೈತನಿಗೂ ಮೊದಲು ಹೇಳಿದ್ದು, "ಹೋರಿಯ ಮಾತು ಆಮೇಲೆ, ನಿನ್ನ ಹಸು ತೋರಿಸು" ಎಂದು.

ಮಿಶ್ರತಳಿ ಹಸುವಿನ ಕಸುವು

ಅವನ ಹಸುಗಳು ಹೆರ್ಫರ್ಡ್ ಮತ್ತು ಆಂಗಸ್ ತಳಿಗಳ ಮಿಶ್ರಣ. ಒಳ್ಳೆಯ ಹಸುಗಳು. ದೂರದ ಎರಡು ತಳಿ ಕೂಡಿದಾಗ ಹುಟ್ಟುವ ಸಂತಾನ ತಂದೆ ತಾಯಿಯರ ಸರಾಸರಿಗಿಂತ ಮೇಲಾಗಿರುತ್ತದೆ. ಇದಕ್ಕೆ ಸಂಕರ ಕಸುವು ಎನ್ನುತ್ತೇವೆ. ಈ ಕಸುವು ಎಲ್ಲ ಗುಣಗಳಲ್ಲೂ ಒಂದೇ ಸಮನಾಗಿ ಕಾಣುವುದಿಲ್ಲ. ಬೇಗ ಗಬ್ಬವಾಗುವುದು, ಕರು ಬದುಕಿ ಉಳಿಯುವುದು, ಹಸು ಹೆಚ್ಚು ವರ್ಷ ಬಾಳುವುದು, ಇವುಗಳಲ್ಲಿ ಹೆಚ್ಚು. ಮಾಂಸದ ಗುಣದಲ್ಲಿ ಬಹಳ ಕಡಿಮೆ.

ಅಮೆರಿಕದ ನೆಬ್ರಾಸ್ಕಾದ ಫೋರ್ಟ್ ರಾಬಿನ್ಸನ್‌ನಲ್ಲಿ ಹೆರ್ಫರ್ಡ್, ಆಂಗಸ್, ಶಾರ್ಟ್‌ಹಾರ್ನ್ ತಳಿಗಳನ್ನು ಕೂಡಿಸಿ ಬಹು ವರ್ಷ ಪ್ರಯೋಗ ಮಾಡಿದರು. ಹೋರಿಗೆ ಬಿಟ್ಟ ಪ್ರತಿ ಹಸುವಿಗೆ ಹಾಲು ಬಿಡಿಸುವ ಹೊತ್ತಿಗೆ ಸಿಕ್ಕ ಕರುವಿನ ತೂಕ ಶುದ್ಧ ತಳಿಗಿಂತ ಸುಮಾರು 23 ಶೇಕಡಾ ಹೆಚ್ಚಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬಂದದ್ದು ಕರು ಮಿಶ್ರತಳಿ ಆದದ್ದರಿಂದಲ್ಲ, ತಾಯಿ ಮಿಶ್ರತಳಿ ಆದದ್ದರಿಂದ. ಅಂದರೆ ಈ ರೈತನ ಗಂಟಿನ ದೊಡ್ಡ ಭಾಗ ಆಗಲೇ ಅವನ ಹುಲ್ಲುಗಾವಲಿನಲ್ಲಿ ನಿಂತಿದೆ. ಹೋರಿಯ ಆಯ್ಕೆಯಲ್ಲಿ ಅದನ್ನು ಕೆಡಿಸಿಕೊಳ್ಳಬಾರದು.

ಕೆಡುವುದು ಹೇಗೆ? ಈ ಹಸುಗಳಿಗೆ ಮತ್ತೆ ಹೆರ್ಫರ್ಡ್ ಹೋರಿಯನ್ನೇ ಬಿಟ್ಟರೆ ಹುಟ್ಟುವ ಕರುವಿನಲ್ಲಿ ಸಂಕರ ಕಸುವು ಅರ್ಧಕ್ಕೆ ಇಳಿಯುತ್ತದೆ. ಆಂಗಸ್ ಬಿಟ್ಟರೂ ಅಷ್ಟೇ. ಮೂರನೆಯ ತಳಿಯ ಹೋರಿ ಬಂದರೆ ಕರುವಿಗೆ ಪೂರ್ತಿ ಕಸುವು. ಎರಡು ತಳಿಯ ಹೋರಿಗಳನ್ನು ತಲೆಮಾರಿಗೊಮ್ಮೆ ಬದಲಿಸುತ್ತ ಹೋದರೆ ಕೊನೆಗೆ ಸುಮಾರು 67 ಶೇಕಡಾ, ಮೂರು ತಳಿಯನ್ನು ಸರದಿಯಲ್ಲಿ ಬಳಸಿದರೆ ಸುಮಾರು 86 ಶೇಕಡಾ ಕಸುವು ಹಿಂಡಿನಲ್ಲಿ ಉಳಿಯುತ್ತದೆ.

ಹೆಣ್ಣು ಕರು ಮನೆಯಲ್ಲಿ ಉಳಿಯುತ್ತದೆಯೋ, ಹೋಗುತ್ತದೆಯೋ?

ಎರಡನೆಯ ಪ್ರಶ್ನೆ ಇದು. ಇದನ್ನು ಕೇಳಿಕೊಳ್ಳದೆ ಹೋರಿ ತಂದವರೇ ಜಾಸ್ತಿ.

ರಾಮನಗರ, ಕುಣಿಗಲ್, ಮಾಗಡಿ ಕಡೆಯವರು ಇಲ್ಲಿ ಯಾರಾದರೂ ಇದ್ದರೆ ಅವರಿಗೆ ರೇಷ್ಮೆಯ ವಿಷಯದಲ್ಲಿ ಈ ಲೆಕ್ಕ ಗೊತ್ತು. ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ದ್ವಿತಳಿಯ ಗಂಡು ಕೂಡಿಸಿ ಮಿಶ್ರತಳಿ ಮೊಟ್ಟೆ ಮಾಡುತ್ತಾರೆ. ಅದರಿಂದ ಬಂದ ಗೂಡೆಲ್ಲ ಮಾರುಕಟ್ಟೆಗೆ, ಅಲ್ಲಿಂದ ನೂಲಿಗೆ. ಅದರಲ್ಲಿ ಒಂದನ್ನೂ ಬಿತ್ತನೆಗೆ ಇಟ್ಟುಕೊಳ್ಳುವುದಿಲ್ಲ. ಬಿತ್ತನೆ ಗೂಡು ಬೆಳೆಯುವ ಪ್ರದೇಶವೇ ಬೇರೆ, ಅಲ್ಲಿ ಮೈಸೂರು ತಳಿಯನ್ನು ಶುದ್ಧವಾಗಿ ಕಾಯುತ್ತಾರೆ.

ದನದಲ್ಲೂ ಹೀಗೆಯೇ. ಗಂಡು ಹೆಣ್ಣು ಎಲ್ಲ ಕರುಗಳನ್ನೂ ಮಾರುವುದಾದರೆ ಬೆಳವಣಿಗೆ, ಮಾಂಸದ ತುಂಬಿಕೆ ಇರುವ ಹೋರಿ ಸರಿ. ಅವನ ಮಗಳು ಹಾಲು ಕೊಡುತ್ತಾಳೋ, ಸುಲಭವಾಗಿ ಈಯುತ್ತಾಳೋ ಎಂದು ನೋಡುವ ಅಗತ್ಯವಿಲ್ಲ. ಹೆಣ್ಣು ಕರುಗಳನ್ನು ಹಿಂಡಿನಲ್ಲಿ ಉಳಿಸಿಕೊಳ್ಳುವುದಾದರೆ ಹೋರಿ ಅಪ್ಪ ಮಾತ್ರವಲ್ಲ, ಮುಂದಿನ ತಾಯಂದಿರ ಅಪ್ಪ. ಆಗ ಹಾಲು, ಸೌಮ್ಯ ಸ್ವಭಾವ, ಗಟ್ಟಿ ಗೊರಸು, ಮಿತವಾದ ಮೈಗಾತ್ರ ಬೇಕು. ಭಾರಿ ಹೋರಿಯ ಹೆಣ್ಣು ಕರುಗಳನ್ನೇ ಉಳಿಸಿಕೊಳ್ಳುತ್ತ ಹೋದವನ ಹಿಂಡು ಕೆಲವೇ ವರ್ಷಗಳಲ್ಲಿ ದೊಡ್ಡ ಮೈಯದಾಗುತ್ತದೆ. ದೊಡ್ಡ ಹಸು ಚಳಿಗಾಲವಿಡೀ ದೊಡ್ಡ ಪಾಲು ಮೇವು ತಿನ್ನುತ್ತದೆ. ಸಮುದ್ರದಂಚಿನ ಬಡ ಹುಲ್ಲಿನಲ್ಲಿ ಅದರ ಹೊಟ್ಟೆ ತುಂಬುವುದೂ ಕಷ್ಟ.

ಇಲ್ಲಿ ಸಿಗುವ ತಳಿಗಳು

ಸ್ವೀಡನ್ನಿನ ಮಾಂಸದ ಹಿಂಡುಗಳಲ್ಲಿ ಸಾಮಾನ್ಯವಾಗಿ ಕಾಣುವವು ಐದು. ಆಂಗಸ್: ಕೋಡಿಲ್ಲ, ಕರು ಸಣ್ಣದು, ಈಯುವುದು ಸುಲಭ. ಹೆರ್ಫರ್ಡ್: ಸೌಮ್ಯ, ಹುಲ್ಲಿನಲ್ಲೇ ಮೈ ತುಂಬಿಕೊಳ್ಳುವ ಜಾತಿ. ಸಿಮೆಂಟಾಲ್: ಹಾಲೂ ಇದೆ, ಬೆಳವಣಿಗೆಯೂ ಇದೆ. ಹೆಣ್ಣು ಕರು ಉಳಿಸಿಕೊಳ್ಳುವವರಿಗೆ ನಡುವಿನ ದಾರಿ. ಲಿಮೊಸಿನ್: ಎಲುಬು ಸಣ್ಣ, ಮಾಂಸ ಹೆಚ್ಚು, ಕರು ಉದ್ದ ಮತ್ತು ಸಪೂರ. ಸ್ವಭಾವ ಸ್ವಲ್ಪ ಚುರುಕು, ಆದ್ದರಿಂದ ಸಾಧು ಹೋರಿ ನೋಡಿ ತರಬೇಕು. ಶರೋಲೆ: ಬೆಳವಣಿಗೆಯಲ್ಲಿ ಮುಂದು, ಆದರೆ ಕರು ಭಾರ. ಆಂಗಸ್ ಕರು ಹುಟ್ಟುವಾಗ 35ರಿಂದ 40 ಕೆಜಿ ಇದ್ದರೆ ಶರೋಲೆಯದು 45 ಕೆಜಿಯ ಆಸುಪಾಸು. ಶರೋಲೆ, ಲಿಮೊಸಿನ್ ಹೋರಿಗಳ ಕರು ಆಂಗಸ್ ಕರುವಿಗಿಂತ ಕೆಲವು ದಿನ ಹೆಚ್ಚು ಹೊಟ್ಟೆಯಲ್ಲಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೋಡಿನ ವಿಷಯ ಇಲ್ಲಿ ಸಣ್ಣದಲ್ಲ. ಕರುವಿನ ಕೋಡಿನ ಮೊಳಕೆ ಸುಡಬೇಕಾದರೆ ಸ್ವೀಡನ್ನಿನಲ್ಲಿ ಅರಿವಳಿಕೆ ಕೊಟ್ಟೇ ಸುಡಬೇಕು. ಕೋಡಿಲ್ಲದ ಗುಣ ಪ್ರಬಲ ಗುಣ. ತಂದೆ ತಾಯಿ ಇಬ್ಬರಿಂದಲೂ ಆ ಗುಣ ಪಡೆದ ಹೋರಿ ತಂದರೆ ಕರುಗಳೆಲ್ಲ ಕೋಡಿಲ್ಲದೆ ಹುಟ್ಟುತ್ತವೆ, ಆ ಕೆಲಸವೇ ತಪ್ಪುತ್ತದೆ.

ದೊಡ್ಡ ಕರುವಿನ ಆಸೆ

ಈ ರೈತನ ಮನಸ್ಸು ಶರೋಲೆಯ ಮೇಲಿತ್ತು. ಯುರೋಪಿನಲ್ಲಿ ಮಾಂಸದ ತುಂಬಿಕೆಗೆ ಇ, ಯು, ಆರ್, ಒ, ಪಿ ಎಂದು ದರ್ಜೆ ಕೊಡುತ್ತಾರೆ. ದರ್ಜೆ ಏರಿದರೆ ಬೆಲೆ ಏರುತ್ತದೆ. ಅವನ ಆಸೆ ತಪ್ಪಲ್ಲ. ನಾವು ಒಂದು ಕಾಗದದಲ್ಲಿ ಲೆಕ್ಕ ಹಾಕಿದೆವು. ಅಂಕಿಗಳು ಉದಾಹರಣೆಗೆ ಮಾತ್ರ.

ಹದಿನೆಂಟು ಹಸು. ಸುಲಭವಾಗಿ ಈಯುವ ಹೋರಿಯಿಂದ 17 ಕರು ಉಳಿದು, ಹಾಲು ಬಿಡಿಸುವಾಗ ತಲಾ 250 ಕೆಜಿ ತೂಗಿದರೆ ಒಟ್ಟು 4,250 ಕೆಜಿ. ಭಾರಿ ಹೋರಿಯಿಂದ ಕರು ತಲಾ 275 ಕೆಜಿ ತೂಗುತ್ತದೆ, ಆದರೆ ಕಷ್ಟದ ಹೆರಿಗೆಯಲ್ಲಿ ಎರಡು ಹೆಚ್ಚು ಹೋಗಿ 15 ಉಳಿದವು ಎನ್ನಿ. ಒಟ್ಟು 4,125 ಕೆಜಿ. ಪ್ರತಿ ಕರುವೂ ದಪ್ಪ, ಲೆಕ್ಕ ಮಾತ್ರ ತೆಳ್ಳಗೆ. ಮೇಲೆ ವೈದ್ಯರ ಖರ್ಚು ಬೇರೆ. ಕಷ್ಟಪಟ್ಟು ಈದ ಹಸು ಮತ್ತೆ ಬೆದೆಗೆ ಬರುವುದು ತಡ, ಮುಂದಿನ ವರ್ಷದ ಕರುವೂ ತಡ. ಹಗಲು ಮನೆಯಲ್ಲಿರದವನಿಗೆ ಇದು ಇನ್ನೂ ಅಪಾಯ. ಕರು ಸಿಕ್ಕಿಕೊಂಡ ಹೊತ್ತಿನಲ್ಲಿ ಅವನು ಇನ್ನೆಲ್ಲೋ ಕೆಲಸದಲ್ಲಿರುತ್ತಾನೆ.

ಈ ದೇಶದ ಕಾನೂನಿಗೂ ಇದರಲ್ಲಿ ಪಾಲಿದೆ. ಮಕ್ಕಳ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ ದನಗಳ ಪರವಾಗಿ ಪತ್ರಿಕೆಗಳಲ್ಲಿ ಬರೆದು ಬರೆದು 1988ರಲ್ಲಿ ಪ್ರಾಣಿ ರಕ್ಷಣೆಯ ಹೊಸ ಕಾನೂನು ಬರಲು ಕಾರಣರಾದರು. ದನಕ್ಕೆ ಬೇಸಿಗೆಯಲ್ಲಿ ಹೊರಗೆ ಮೇಯುವ ಹಕ್ಕು ಬಂದದ್ದು ಹಾಗೆ. ತಾಯಿಗಾಗಲಿ ಮರಿಗಾಗಲಿ ನೋವು ತರುವಂಥ ತಳಿ ಸಂವರ್ಧನೆಯನ್ನೂ ಸ್ವೀಡನ್ನಿನ ಕಾನೂನು ನಿಷೇಧಿಸುತ್ತದೆ. ಬೆಲ್ಜಿಯನ್ ಬ್ಲೂ ಎಂಬ, ಮೈಯೆಲ್ಲ ಇಮ್ಮಡಿ ಸ್ನಾಯುವಿನ ತಳಿಯ ಬಗ್ಗೆ ಇಲ್ಲಿ ಎದ್ದ ವಿವಾದ 1990ರ ದಶಕದಲ್ಲಿ ಯುರೋಪಿನ ನ್ಯಾಯಾಲಯದವರೆಗೂ ಹೋಗಿತ್ತು. ಆ ತಳಿಯ ಶುದ್ಧ ಹಸುಗಳಲ್ಲಿ ಹೊಟ್ಟೆ ಕೊಯ್ದು ಕರು ತೆಗೆಯುವುದೇ ಸಾಮಾನ್ಯ.

ತಳಿಯ ಹೆಸರಿಗಿಂತ ಹೋರಿಯ ಲೆಕ್ಕ

ತಳಿ ಆರಿಸಿದೊಡನೆ ಕೆಲಸ ಮುಗಿಯುವುದಿಲ್ಲ. ಒಂದೇ ತಳಿಯ ಎರಡು ಹೋರಿಗಳ ನಡುವೆ ಅಜಗಜಾಂತರ ಇರಬಹುದು. ಹುಟ್ಟಿದಾಗಿನ ತೂಕ, ಬೆಳವಣಿಗೆ, ಮಾಂಸದ ಗುಣ, ಇವು ತಂದೆಯಿಂದ ಮಕ್ಕಳಿಗೆ ಚೆನ್ನಾಗಿ ಇಳಿಯುತ್ತವೆ. ಗಬ್ಬವಾಗುವ ಗುಣ ಬಹಳ ಕಡಿಮೆ ಇಳಿಯುತ್ತದೆ. ಆದ್ದರಿಂದ ಫಲವಂತಿಕೆಯನ್ನು ತಳಿ ಕೂಡಿಸಿ ಪಡೆಯಬೇಕು, ಕರುವಿನ ಗಾತ್ರವನ್ನು ಹೋರಿ ಆರಿಸಿ ಹಿಡಿಯಬೇಕು. ಸ್ವೀಡನ್ನಿನಲ್ಲಿ ಕಾಪ್ ಎಂಬ ದಾಖಲೆ ವ್ಯವಸ್ಥೆ ಇದೆ. ಕರು ಹುಟ್ಟಿದಾಗಿನ ತೂಕ, 200 ದಿನದ ತೂಕ, 365 ದಿನದ ತೂಕ ಅದರಲ್ಲಿ ಬರೆದಿರುತ್ತಾರೆ. ಹೋರಿಯ ಮೈಕಟ್ಟು ನೋಡಿ ಮರುಳಾಗುವ ಮೊದಲು ಆ ಹಾಳೆ ನೋಡಬೇಕು. ಹುಟ್ಟುವಾಗ ಹಗುರ, 200 ದಿನಕ್ಕೆ ಭಾರ, ಅಂಥ ಹೋರಿ ಸಿಕ್ಕರೆ ಬಿಡಬಾರದು.

ನಮ್ಮ ಊರಿನ ಮಾತು

ಹೆಸರಘಟ್ಟದಲ್ಲಿ 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಪ್ಪುಗಟ್ಟಿಸಿದ ವೀರ್ಯದ ಕೇಂದ್ರ ಶುರುವಾಯಿತು. ಸೀಮೆ ಹಸು ನಮ್ಮ ಹಳ್ಳಿಗಳ ಕೊಟ್ಟಿಗೆ ಸೇರಿದ್ದರಲ್ಲಿ ಇಂಥ ಕೇಂದ್ರಗಳ ಪಾತ್ರ ದೊಡ್ಡದು. ಅದರಿಂದ ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಫೀಸು ಹಾಲಿನ ದುಡ್ಡಿನಲ್ಲಿ ಕಟ್ಟಿದ್ದಾರೆ. ಆದರೆ ಕೋಲಾರದ ಬಯಲಿನಲ್ಲಿ ಹಸಿರು ಮೇವು ತಿಂದು ನಿಲ್ಲುವ ಎಚ್‌ಎಫ್, ಮಳೆಕಾಡಿನ ಗುಡ್ಡದಲ್ಲಿ ನಿಲ್ಲುವುದಿಲ್ಲ. ಅಲ್ಲಿ ಬೇಕಾದರೆ ಜರ್ಸಿ, ಇಲ್ಲವೇ ಗಿಡ್ಡವನ್ನು ಗಿಡ್ಡವಾಗಿಯೇ ಉಳಿಸುವುದು. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡ ಶುದ್ಧವಾಗಿ ಉಳಿದರೆ ಮಾತ್ರ ನಾಳೆ ಯಾರಾದರೂ ಮಿಶ್ರತಳಿ ಮಾಡಲು ಸಾಧ್ಯ. ಬಿತ್ತನೆ ಗೂಡು ಇಲ್ಲದೆ ರೇಷ್ಮೆ ಇಲ್ಲ.

ಕೊನೆಗೆ ಏನಾಯಿತು

ರೈತನೊಂದಿಗೆ ಎರಡು ಸಂಜೆ ಕುಳಿತ ಮೇಲೆ ನಿರ್ಧಾರ ಹೀಗಾಯಿತು. ಈಗಾಗಲೇ ಈದು ಅನುಭವವಿರುವ ಹಸುಗಳಿಗೆ, ಸುಲಭ ಹೆರಿಗೆಯ ದಾಖಲೆ ಇರುವ ಸಾಧು ಲಿಮೊಸಿನ್ ಹೋರಿ. ಚೊಚ್ಚಲ ಕಡಸುಗಳನ್ನು ಆ ಹೋರಿಯಿಂದ ದೂರ ಇಟ್ಟು, ಅವಕ್ಕೆ ಆಂಗಸ್ ಸ್ಟ್ರಾ. ಕರುಗಳೆಲ್ಲ ಮಾರಾಟಕ್ಕೆ. ಹಿಂಡಿಗೆ ಬೇಕಾದ ಹೆರ್ಫರ್ಡ್-ಆಂಗಸ್ ಕಡಸುಗಳನ್ನು ವರ್ಷಕ್ಕೆ ಎರಡರಂತೆ ಬೇರೆ ರೈತನಿಂದ ಕೊಳ್ಳುವುದು. ಇನ್ನೊಬ್ಬನಿಗೆ ಇದೇ ಉತ್ತರ ಸರಿಹೋಗಬೇಕೆಂದಿಲ್ಲ. ದಿನವಿಡೀ ಮನೆಯಲ್ಲಿದ್ದು, ದೊಡ್ಡ ಮೈಯ ಹಸು, ಒಳ್ಳೆಯ ಹುಲ್ಲು ಇರುವವನು ಶರೋಲೆ ತಂದರೆ ನಾನು ಬೇಡ ಎನ್ನುವುದಿಲ್ಲ. ಹೆಣ್ಣು ಕರು ಉಳಿಸಿಕೊಳ್ಳುವವನಿಗೆ ಸಿಮೆಂಟಾಲ್ ಎನ್ನುತ್ತೇನೆ.

ಮಕ್ಕಳೇ, ಇದು ನಿಮಗೆ. ಇನ್ನು ಮುಂದೆ ಸೈಕಲ್ಲಿನಲ್ಲಿ ಹೋಗುವಾಗ ಬೇಲಿಯ ಬಳಿ ನಿಂತು ಕರುವಿನ ಮುಖ ನೋಡಿ. ಮೈ ಬಣ್ಣ ಏನೇ ಇರಲಿ, ಮುಖ ಬೆಳ್ಳಗಿದ್ದರೆ ಅಪ್ಪ ಹೆರ್ಫರ್ಡ್ ಇರಬಹುದು, ಕೆಲವೊಮ್ಮೆ ಸಿಮೆಂಟಾಲ್. ಕೆಂಪು ತಾಯಿಗೆ ಕೆನೆ ಬಣ್ಣದ ಕರು, ಕಪ್ಪು ತಾಯಿಗೆ ಬೂದು ಕರು ಹುಟ್ಟಿದ್ದರೆ ಅಪ್ಪ ಶರೋಲೆ ಇರಬೇಕು. ಕೆಂಪು ತಾಯಿಯ ಕರು ಕಪ್ಪಗೆ, ಕೋಡಿಲ್ಲದೆ ಇದ್ದರೆ ಆಂಗಸ್ ಎನ್ನಬಹುದು. ಅಪ್ಪ ಯಾರೆಂದು ಹೇಳಿಯಾದ ಮೇಲೆ ತಾಯಿಯನ್ನೂ ಒಮ್ಮೆ ನೋಡಿ. ಅವಳು ಆರಾಮವಾಗಿ ಮೆಲುಕು ಹಾಕುತ್ತಿದ್ದರೆ ಯಜಮಾನ ಸರಿಯಾದ ಹೋರಿಯನ್ನೇ ತಂದಿದ್ದಾನೆ ಎಂದು ತಿಳಿಯಿರಿ.

 ಊಟ ತಣ್ಣಗಾಗುತ್ತಿದೆ, ಏಳೋಣ.